ಡುಲೂತ್ ದಾರಿಯ ಗಾರ್ತ್ ಟೋರ್ವಿಕ್

ಹತ್ತೊಂಬತ್ತು ವರ್ಷ ಮಿನಿಯಾಪೊಲಿಸ್‌ನಿಂದ ಡುಲೂತ್‌ಗೆ ದೊಡ್ಡ ವಿಮಾನ ಹಾರಿಸಿದವರು ಗಾರ್ತ್ ಟೋರ್ವಿಕ್. ಆ ದಾರಿ ನಮ್ಮ ಸಣ್ಣ ಕಂಪನಿಯ ಐವತ್ತು ಸೀಟಿನ ಜೆಟ್‌ಗಳಿಗೆ ಬಂದಾಗ ಅವರು ಕ್ಯಾಪ್ಟನ್ ಸ್ಥಾನದಿಂದಿಳಿದು ಡೆಟ್ರಾಯಿಟ್‌ನಲ್ಲಿ ಸಹಪೈಲಟ್ ಆದರು. ಮನೆ ಮಾತ್ರ ಡುಲೂತ್‌ನಲ್ಲೇ ಇತ್ತು. ವಾರವಾರ ಊರು ಸೇರಲು ನಮ್ಮ ಕಾಕ್‌ಪಿಟ್‌ನ ಮಡಚುವ ಸೀಟೇ ಗತಿ. ಅದಕ್ಕೆ ಪ್ರತಿ ಸಲವೂ ಕ್ಯಾಪ್ಟನ್‌ನ ಅನುಮತಿ ಕೇಳಬೇಕು. ಆ ಕ್ಯಾಪ್ಟನ್ ನಾನು: ಇಪ್ಪತ್ತೇಳು ವರ್ಷದವನು, ಹಂದಿ ಸಾಕುವವರ ಮಗ, ನಮ್ಮ ಮನೆಯಲ್ಲಿ ಮೊದಲು ಕಾಲೇಜು ಮುಗಿಸಿದವನು.

ಅವರ ಕಂಪನಿಯ ಒಬ್ಬ ಕ್ಯಾಪ್ಟನ್ ಒಮ್ಮೆ ತನ್ನ ವಿಮಾನದಲ್ಲಿ ನನಗೆ ಅಂಥದೇ ಸೀಟು ಕೊಡದೆ, "ನಮ್ಮ ಅನ್ನ ಕಸ್ಕೊಂಡವರಿಗೆ ಇಲ್ಲಿ ಜಾಗ ಇಲ್ಲ" ಎಂದಿದ್ದ. ಹಾಗಾಗಿ ಗಾರ್ತ್ ಮೊದಲ ದಿನ ಬಾಗಿಲಲ್ಲಿ ಟೋಪಿ ತೆಗೆದು, "ಕ್ಯಾಪ್ಟನ್, ನಿಮ್ಮ ಜೊತೆ ಬರಬಹುದಾ?" ಎಂದಾಗ ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು.

"ಸರ್, ನೀವು ನನ್ನನ್ನ ಕೇಳೋದಾ?"

"ಕೇಳ್ಬೇಕಪ್ಪ. ಇಷ್ಟು ಪುಟ್ಟ ವಿಮಾನ ನಮಗ್ಯಾಕೆ, ಬೇರೆಯವರು ಹಾರಿಸ್ಲಿ ಅಂತ ಯೂನಿಯನ್ ಸಭೇಲಿ ನಾವೇ ಕೈ ಎತ್ತಿದ್ದು. ನಾನೂ ಎತ್ತಿದ್ದೆ."

ಆಮೇಲೆ ಆ ಸೀಟಿನಲ್ಲಿ ಕುಳಿತೇ ಅವರು ನನಗೆ ಆ ದಾರಿಯನ್ನು ಕಲಿಸಿದರು. ಅವರ ಗೆಳೆಯರು, "ಕಳ್ಳನಿಗೆ ಬೀಗದಕೈ ಕೊಡ್ತೀಯಲ್ಲೋ" ಎಂದು ಹಂಗಿಸಿದರೆ, "ಹಿಂದೆ ಕೂರೋರು ನಮ್ಮೂರವರು ಕಣ್ರೋ" ಎನ್ನುತ್ತಿದ್ದರು.

ಜೂನ್‌ನ ಒಂದು ಶುಕ್ರವಾರ, ಮಿನಿಯಾಪೊಲಿಸ್‌ನಿಂದ ಸಂಜೆ ನಾಲ್ಕರ ವಿಮಾನ. ಆರೂವರೆಗೆ ಅವರ ಮಗಳು ಬ್ರಿಟಾ ಹೈಸ್ಕೂಲಿನ ಪದವಿಪತ್ರ ಪಡೆಯುವವಳಿದ್ದಳು. ಗಾರ್ತ್ ಇಸ್ತ್ರಿ ಮಾಡಿದ ಕೋಟು ತೊಟ್ಟು ಬಂದಿದ್ದರು. ಹವಾಮಾನದ ಹಾಳೆಯಲ್ಲಿ ಡುಲೂತ್‌ನ ಆಕಾಶ ತಿಳಿಯಾಗಿತ್ತು. ಅವರು ಅದನ್ನು ಎರಡು ಸಲ ಓದಿದರು.

"ಗಾಳಿ ಈಗ ಪೂರ್ವದಿಂದ ಬೀಸ್ತಿದೆ. ಇನ್ನೊಂದು ಗಂಟೇಲಿ ಊರ ಪಕ್ಕದ ಸರೋವರದ ಮಂಜು ಗುಡ್ಡ ಹತ್ತಿ ಅಲ್ಲಿನ ರನ್‌ವೇ ಮುಚ್ಚುತ್ತೆ. ಅರ್ಧ ಗಂಟೆ ಸುತ್ತೋಕಾಗೋಷ್ಟು ಇಂಧನ ಜಾಸ್ತಿ ಹಾಕಿಸ್ಕೊ."

"ತೂಕ ಮೀರುತ್ತೆ ಸರ್. ಸರಕಿನ ಪೆಟ್ಟಿಗೆ ಇಳಿಸಿದ್ರೂ ಸಾಲಲ್ಲ. ನೀವೂ ಇಳೀಬೇಕಾಗುತ್ತೆ..."

"ಲೆಕ್ಕ ನಂಗೂ ಬರುತ್ತೆ ಮಾರಾಯ."

"ಬ್ರಿಟಾ?"

"ಬಾಡಿಗೆ ಕಾರಲ್ಲಿ ಹೋಗ್ತೀನಿ, ಎರಡೂವರೆ ಗಂಟೆ ದಾರಿ. ನನ್ನ ಕೂರಿಸ್ಕೊಂಡು ಇಳಿಯೋಕಾಗ್ದೆ ವಾಪಸ್ ಬಂದ್ರೆ ನಾನೂ ಊರು ಸೇರಲ್ಲ, ಈ ಐವತ್ತು ಜನಾನೂ ಸೇರಲ್ಲ." ಅವರು ಚೀಲ ಹಿಡಿದು ಇಳಿದರು.

ಡುಲೂತ್ ಮಂಜಿನಲ್ಲಿ ಮುಳುಗಿತ್ತು. ಇಪ್ಪತ್ತೆಂಟು ನಿಮಿಷ ಸುತ್ತಿದ ಮೇಲೆ ಮಂಜು ಒಂದಿಷ್ಟು ತೆಳುವಾಗಿ ರನ್‌ವೇಯ ದೀಪ ಕಂಡಿತು; ಇಳಿದೆವು. ಹೊರಗೆ ಗಂಡನಿಗಾಗಿ ಕಾದಿದ್ದ ಮಾರ್ನಿಗೆ ನಾನೇ ವಿಷಯ ಹೇಳಿದೆ. ಆಕೆ ಗಡಿಯಾರ ನೋಡಿಕೊಂಡರು. ಆಮೇಲೆ, "ಅವನ ಕುರ್ಚಿ ಖಾಲಿ ಇದ್ರೆ ಬ್ರಿಟಾ ಅದನ್ನೇ ನೋಡ್ತಿರ್ತಾಳೆ. ನೀನೇ ಬಂದು ಕೂತ್ಕೊ" ಎಂದರು.

ಶಾಲೆಯ ಸಭಾಂಗಣದಲ್ಲಿ ಬ್ರಿಟಾಳ ಹೆಸರು ಕರೆದಾಗ ಅಂಗೈ ಉರಿಯುವಷ್ಟು ಚಪ್ಪಾಳೆ ತಟ್ಟಿದೆ. ಹತ್ತು ನಿಮಿಷದ ನಂತರ ಗಾರ್ತ್ ಏದುಸಿರು ಬಿಡುತ್ತ ಬಂದರು.

"ಕರೆದ್ರಾ?"

ಮಾರ್ನಿ ಹೌದೆಂದು ತಲೆಯಾಡಿಸಿದರು. ಗಾರ್ತ್ ವೇದಿಕೆಯನ್ನೇ ನೋಡುತ್ತ ನಿಂತರು. ಕುರ್ಚಿ ಬಿಟ್ಟುಕೊಡಲು ನಾನು ಎದ್ದೆ; ಭುಜ ಹಿಡಿದು ಕೂರಿಸಿದರು.

"ಎಷ್ಟು ಹೊತ್ತು ಸುತ್ತಿದೆ?"

"ಇಪ್ಪತ್ತೆಂಟು ನಿಮಿಷ, ಸರ್."

"ಎಲ್ರೂ ಮನೆ ಸೇರಿದ್ರಾ?"

"ಸೇರಿದ್ರು."

"ಹಂಗಾದ್ರೆ ಸರಿ ಬಿಡು" ಎಂದು ಕಣ್ಣೊರೆಸಿಕೊಂಡು, ಸಾಲುಗಳ ನಡುವೆ ಮಗಳನ್ನು ಹುಡುಕುತ್ತ ಮುಂದೆ ಹೋದರು.