ಕ್ಯಾರೊಲಿನಾದಲ್ಲಿ ಮಲಗಿದ್ದವನಿಗೆ ಉಪ್ಪಿಟ್ಟು

“ಲಾಗ್ ಬುಕ್ ಪ್ರಕಾರ ನಾನಿನ್ನೂ ನಾರ್ತ್ ಕ್ಯಾರೊಲಿನಾದಲ್ಲಿ ಮಲಗಿದ್ದೀನಿ” ಎಂದು ಕಣ್ಣು ಮಿಟುಕಿಸಿದ, ನಮ್ಮ ಬಾಗಿಲಲ್ಲಿ ನಿಂತಿದ್ದ ಟ್ರಕ್ ಡ್ರೈವರ್. ತೊಂಬತ್ತರ ದಶಕದಲ್ಲಿ ನಾವು ವರ್ಜೀನಿಯಾದಿಂದ ಜಾರ್ಜಿಯಾದ ಕಮ್ಮಿಂಗ್‌ಗೆ ಮನೆ ಬದಲಾಯಿಸಿದ್ದೆವು. ನಮ್ಮ ಸಾಮಾನು ಹೊತ್ತ ಅವನ ಟ್ರಕ್ ಮರುದಿನ ಬರಬೇಕಿತ್ತು, ಒಂದು ದಿನ ಮೊದಲೇ ಬಂದಿತ್ತು. ಟ್ರಕ್ ಡ್ರೈವರ್‌ಗಳು ಇಷ್ಟು ಗಂಟೆ ಓಡಿಸಿದ ಮೇಲೆ ವಿಶ್ರಾಂತಿ ಪಡೆಯಲೇಬೇಕು, ಅದನ್ನು ಲಾಗ್ ಬುಕ್ ಎಂಬ ಪುಸ್ತಕದಲ್ಲಿ ಬರೆದಿಡಲೇಬೇಕು ಎಂಬುದು ಕಾನೂನು. ಈ ಮಹಾಶಯ ಪುಸ್ತಕದಲ್ಲಿ ಮಲಗಿ, ರಸ್ತೆಯಲ್ಲಿ ಓಡಿಸಿಕೊಂಡು ಬಂದಿದ್ದ.

ವಿಷಯ ತಿಳಿದ ನಮ್ಮತ್ತೆ ಕೇಳಿದರು: “ಅಲ್ಲಿ ಮಲಗಿರೋನು ಇಲ್ಲಿ ಉಪ್ಪಿಟ್ಟು ತಿಂತಾನೇನೇ?”

ತಿಂದ. ಇನ್ನೊಮ್ಮೆ ಹಾಕಿಸಿಕೊಂಡೂ ತಿಂದ. ಸಾಮಾನು ಇಳಿಸುವವರು ಬರಲಿ ಎಂದು ಖಾಲಿ ಹಾಲ್‌ನ ಕಾರ್ಪೆಟ್ ಮೇಲೆ ಒರಗಿದವನು ಗೊರಕೆ ಹೊಡೆಯತೊಡಗಿದ. ಅಷ್ಟರಲ್ಲಿ ಅವನ ಕಂಪನಿಯಿಂದ ಫೋನ್: ಡ್ರೈವರ್ ಈಗೇನು ಮಾಡುತ್ತಿದ್ದಾನೆ, ನಿಮಗೇನಾದರೂ ಗೊತ್ತೇ? ಆಗಲೇ ಇಲ್ಲಿಗೆ ಬಂದಿದ್ದಾನೆ ಎಂಬ ನಿಜ ಹೇಳಿದರೆ ಅವನ ಕೆಲಸ ಹೋಗುತ್ತದೆ ಎಂದು ನಾನು ತಡವರಿಸಿದೆ. ಅತ್ತೆ ರಿಸೀವರ್ ಕಿತ್ತುಕೊಂಡು, ತಮಗೆ ಬರುವ ಇಂಗ್ಲಿಷಿನಲ್ಲಿ “ಡ್ರೈವರ್ ಸ್ಲೀಪಿಂಗ್. ನೋ ಡಿಸ್ಟರ್ಬ್!” ಎಂದು ಇಟ್ಟೇಬಿಟ್ಟರು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಈಗಲೂ ಹೈವೇಯಲ್ಲಿ ದೊಡ್ಡ ಟ್ರಕ್ ನಮ್ಮ ಕಾರಿನ ಪಕ್ಕ ಬಂದರೆ ಮನಸ್ಸಿನಲ್ಲೇ ಅಂದುಕೊಳ್ಳುತ್ತೇನೆ: ಮಹಾರಾಯ, ಪುಸ್ತಕದಲ್ಲಿ ಎಲ್ಲಿ ಬೇಕಾದರೂ ಮಲಗಿರು, ಸ್ಟೀರಿಂಗ್ ಮುಂದೆ ಮಾತ್ರ ಬೇಡ.