ಡಾಕ್ಟರು ಮೋಲ್ಡ್ ತೆಗೆಸಿ ಎಂದರು

ಮೊದಲು ಬಂದದ್ದು ಕೆಮ್ಮು. ಒಣ ಕೆಮ್ಮು. ಬೆಳಿಗ್ಗೆ ಎದ್ದ ಕೂಡಲೇ ಶುರುವಾದರೆ ಎರಡನೇ ಕಾಫಿಯವರೆಗೂ ನಿಲ್ಲುತ್ತಿರಲಿಲ್ಲ. ಬಾಗಲಗುಂಟೆಯಲ್ಲಿ ಕೆಮ್ಮದವರು ಯಾರು? ಪೀಣ್ಯದ ಹೊಗೆ, ಅಗೆದ ರಸ್ತೆಯ ಧೂಳು. ಅದರಲ್ಲೇ ಮಕ್ಕಳನ್ನು ಸಾಕಿದ್ದೇನೆ. ಶುಂಠಿ ಕಷಾಯ ಕುಡಿದು ಸುಮ್ಮನಿದ್ದೆ.

ಆಮೇಲೆ ಉಬ್ಬಸ ಬಂತು. ಮೊಮ್ಮಗಳು ಸಿಂಧು ನನ್ನ ಎದೆಗೆ ಕಿವಿ ಇಟ್ಟು, "ಅಜ್ಜಿ, ಒಳಗೆ ಬೆಕ್ಕು ಸಾಕಿದ್ದೀಯ" ಎಂದಳು. ನಮ್ಮ ಮನೆಯ ಮೇಲಂತಸ್ತಿಗೆ ಹದಿನೆಂಟು ಮೆಟ್ಟಿಲು. ಒದ್ದೆ ಬಟ್ಟೆಯ ಬಕೆಟ್ ಹಿಡಿದು ದಿನಕ್ಕೆರಡು ಸಲ ಹತ್ತುತ್ತಿದ್ದವಳು, ಒಂದು ದಿನ ಆರನೇ ಮೆಟ್ಟಿಲಿನಲ್ಲಿ ಕೂತುಬಿಟ್ಟೆ.

ಏಳಲಾಗಲಿಲ್ಲ.

ಮಗ ಶಿವಣ್ಣ ಆಸ್ಪತ್ರೆಗೆ ಕರೆದುಕೊಂಡು ಹೋದ. ಎಕ್ಸ್‌ರೇ ಆಯಿತು. ಒಂದು ಮೆಷಿನ್ ಕೊಟ್ಟು ಊದಿಸಿದರು. ನರ್ಸ್ ಪಕ್ಕದಲ್ಲಿ ನಿಂತು "ಜೋರಾಗಿ ಅಜ್ಜಿ, ಇನ್ನೂ ಜೋರಾಗಿ" ಎನ್ನುತ್ತಿದ್ದಳು. ಜೋರಾಗಿ ಊದುವ ಉಸಿರಿದ್ದರೆ ಇಲ್ಲಿಗೆ ಯಾಕೆ ಬರುತ್ತಿದ್ದೆ ಎಂದು ಕೇಳಬೇಕೆನಿಸಿತು. ಕೇಳುವಷ್ಟೂ ಉಸಿರಿರಲಿಲ್ಲ.

ಶಿವಣ್ಣ ಬಿಲ್ ಕೌಂಟರಿನ ಕ್ಯೂನಲ್ಲಿದ್ದಾಗ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದರು. ತಪ್ಪಾದದ್ದು ಅಲ್ಲೇ.

"ಮನೇಲಿ ಮೋಲ್ಡ್ ಇದೆಯಾ ಅಜ್ಜಿ?"

ನಮ್ಮ ಕಡೆ ಕಾಂಕ್ರೀಟ್ ತಾರಸಿಗೆ ಮೋಲ್ಡ್ ಎನ್ನುತ್ತಾರೆ. ಮೋಲ್ಡ್ ಹಾಕುವ ದಿನ ಗಾರೆಯವರಿಗೆಲ್ಲ ಊಟ ಹಾಕಿಸುತ್ತೇವೆ. ಶೀಟಿನ ಮನೆಯಲ್ಲಿ ಬೆಂದು ಬಂದವರಿಗೆ ಅದೊಂದು ಹೆಮ್ಮೆ.

"ಇದೆ ಸಾರ್. ಎರಡು ಮೋಲ್ಡ್" ಎಂದೆ.

"ಎಷ್ಟು ದಿನದಿಂದ?"

"ಇಪ್ಪತ್ತೆರಡು ವರ್ಷ ಆಯ್ತು. ನಮ್ಮ ಯಜಮಾನ್ರೇ ಮುಂದೆ ನಿಂತು ಹಾಕಿಸಿದ್ದು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಇಪ್ಪತ್ತೆರಡು ವರ್ಷ ಹಾಗೇ ಬಿಟ್ಟಿದ್ದೀರಾ?"

"ಮತ್ತೆ? ವರ್ಷ ವರ್ಷ ಬದಲಾಯಿಸ್ತಾರಾ?"

"ಅದು ನಿಮ್ಮ ಲಂಗ್ಸ್ ತಿಂತಾ ಇದೆ ಅಜ್ಜಿ. ಮೊದಲು ಅದನ್ನ ತೆಗೆಸಿ. ತೆಗೆಸೋವರೆಗೂ ಅದರ ಕೆಳಗೆ ಮಲಗಬೇಡಿ."

"ತೆಗೆಸಿದ್ರೆ ಮಳೆ ಬಂದಾಗ ಏನ್ ಮಾಡೋದು ಸಾರ್?"

"ಮಳೆಗಾಲದಲ್ಲೇ ಅದರ ಕಾಟ ಜಾಸ್ತಿ" ಎಂದು ಚೀಟಿ ಬರೆದುಕೊಟ್ಟರು.

ಬೈಕಿನ ಹಿಂದೆ ಕೂತು ಮನೆಗೆ ಬರುವಷ್ಟರಲ್ಲಿ ನಾನು ಲೆಕ್ಕ ಹಾಕಿಬಿಟ್ಟಿದ್ದೆ. ಜೀವ ಉಳಿಯಬೇಕಾದರೆ ತಾರಸಿ ಒಡೆಸಬೇಕು. ಕೆಳಗಿನದನ್ನು ಒಡೆದರೆ ಮೇಲಿನದು ನಿಲ್ಲುವುದಿಲ್ಲ. ಮೇಲೆ ಬಾಡಿಗೆಗಿರುವ ದ್ಯಾಮವ್ವ ಮೆಟ್ಟಿಲಲ್ಲೇ ಸಿಕ್ಕಳು. ಕೊಪ್ಪಳದ ಕಡೆಯವಳು, ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ವಿಷಯ ಹೇಳಿದೆ.

"ಮೋಲ್ಡ್ ತಗದ್ರ ನಾವ್ ಎಲ್ಲಿ ನಿಂದರೂನ್ರಿ ಅಮ್ಮಾರ?" ಎಂದಳು. "ನಿಮ್ಮ ಔಷಧಕ್ಕ ನಮ್ಮ ನೆಲಾನ ಬೇಕಾತೇನ್ರಿ?"

ಶಿವಣ್ಣನಿಗೆ ಇನ್ನೊಂದು ಅರ್ಥವಾಯಿತು. ಅವನು ಪ್ಲಾಸ್ಟಿಕ್ ಬಕೆಟ್ ಮಾಡುವ ಫ್ಯಾಕ್ಟರಿಯಲ್ಲಿದ್ದಾನೆ. ಅಲ್ಲಿ ಬಕೆಟ್ ಎರಕ ಹೊಯ್ಯುವ ಕಬ್ಬಿಣದ ಅಚ್ಚಿಗೂ ಮೋಲ್ಡ್ ಅನ್ನುತ್ತಾರಂತೆ. "ಮನೇಲಿ ನಾನ್ಯಾವ ಮೋಲ್ಡ್ ಇಟ್ಟಿದ್ದೀನಮ್ಮ, ಆ ಡಾಕ್ಟರಿಗೆ ತಲೆ ನೆಟ್ಟಗಿದೆಯಾ?" ಎಂದು ರೇಗಿದ.

ಸಿಂಧು ಪಿಯುಸಿ ಓದುತ್ತಾಳೆ. ಚೀಟಿ ಓದಿ, ಫೋನಿನಲ್ಲಿ ನೋಡಿ, ನೆಲದ ಮೇಲೆ ಬಿದ್ದು ನಕ್ಕಳು. "ಬೂಷ್ಟು ಅಜ್ಜಿ! ಮೋಲ್ಡ್ ಅಂದ್ರೆ ಬೂಷ್ಟು!"

ನಾಲ್ಕನೇ ಕ್ಲಾಸಿನವರೆಗೆ ಓದಿದ ನನಗೆ ಅದು ಗೊತ್ತಿಲ್ಲದಿರುವುದರಲ್ಲಿ ಅವಮಾನವೇನಿಲ್ಲ. ಡಾಕ್ಟರು ಬೂಷ್ಟು ಎಂದೇ ಕೇಳಿದ್ದರೆ ನಾನೇ ಕರೆದುಕೊಂಡು ಹೋಗಿ ತೋರಿಸುತ್ತಿದ್ದೆ. ನನ್ನ ರೂಮಿನ ಗೋಡೆಯ ತುಂಬ ಅದೇ ಇತ್ತು.

ಮಂಚದ ತಲೆಯ ಕಡೆ, ಯಜಮಾನರ ಫೋಟೊ ಕೆಳಗೆ, ಮೊದಲು ರಾಗಿ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ ಬಂದಿತ್ತು. ಪೊರಕೆಯಿಂದ ಉಜ್ಜಿದೆ. ಹೋಯಿತು. ತಿಂಗಳಿಗೆ ಎರಡರಷ್ಟು ಬಂತು. ಫಿನಾಯಿಲ್ ಹಾಕಿದೆ. ಮೇಲೆ ಬಣ್ಣ ಹೊಡೆಸಿದೆ. ಬಣ್ಣವನ್ನೇ ತಿಂದುಕೊಂಡು ಬೀರುವಿನ ಹಿಂದಿನವರೆಗೂ ಹೋಯಿತು. ದಿನಾ ಬೆಳಿಗ್ಗೆ ಉಜ್ಜುತ್ತಿದ್ದೆ, ದಿನಾ ಬೆಳಿಗ್ಗೆ ಕೆಮ್ಮುತ್ತಿದ್ದೆ. ಎರಡಕ್ಕೂ ಸಂಬಂಧವಿದೆ ಎಂದು ಹೊಳೆದಿರಲಿಲ್ಲ.

ಕಾರಣ ಮಾತ್ರ ನನಗೆ ಗೊತ್ತಿತ್ತು. ದ್ಯಾಮವ್ವನ ಬಚ್ಚಲು. ಅದು ನನ್ನ ರೂಮಿನ ಮೇಲೇ ಇದೆ. ಹತ್ತಲಾಗದಿದ್ದರೂ ಕೂಗಲು ಆಗುತ್ತದಲ್ಲ, ಕೆಳಗಿನಿಂದಲೇ ಕೂಗಿದೆ. ನಿನ್ನ ನೀರು ಇಳಿದು ನನ್ನ ಶ್ವಾಸ ಹೋಯಿತು, ತಿಂಗಳ ಕೊನೆಗೆ ಮನೆ ಖಾಲಿ ಮಾಡು ಎಂದೆ.

ಅವಳು ಮೇಲಿನ ಕಂಬಿ ಹಿಡಿದು ಬಗ್ಗಿದಳು. "ಅಮ್ಮಾರ, ನೀವು ವಾಲ್ವ್ ತಿರುವಿ ದಿನಕ್ಕ ಒಂದ್ ತಾಸ್ ನೀರ್ ಬಿಡತೀರಿ. ಅದು ನಮ್ಮ ಜಳಕಕ್ಕ ಸಾಲಂಗಿಲ್ಲ. ನಿಮ್ಮ ಗ್ವಾಡಿಗೆ ಎಲ್ಲಿಂದ ಕೊಡೂನ್ರಿ?"

ಮಾತಿನಲ್ಲಿ ನ್ಯಾಯವಿತ್ತು. ಒಪ್ಪಿಕೊಳ್ಳುವ ಮನಸ್ಸು ನನಗಿರಲಿಲ್ಲ. ಒಳಗೆ ಬಂದು ಡಾಕ್ಟರು ಕೊಟ್ಟ ಇನ್‌ಹೇಲರ್ ಎಳೆದುಕೊಂಡೆ.

ಸಿಂಧು ಫೋನಿನಲ್ಲಿ ಹುಡುಕಿ ವೈಟ್‌ಫೀಲ್ಡ್ ಕಡೆಯ ಒಂದು ಕಂಪನಿಯವರನ್ನು ಕರೆಸಿದಳು. ಬೂಷ್ಟು ತೆಗೆಯುವುದೇ ಅವರ ಕೆಲಸವಂತೆ. ಗೋಡೆ ಒರೆಸುವುದಕ್ಕೂ ಒಂದು ಕಂಪನಿ ಇರುತ್ತದೆ ಎಂದು ನಾನು ನಂಬಲಿಲ್ಲ. ಬಂದವರು ಮೂವರು. ತಲೆಯಿಂದ ಕಾಲಿನವರೆಗೆ ಬಿಳಿ ಸೂಟು, ಮೂತಿಗೆ ಡಬ್ಬಿಯಂಥ ಮಾಸ್ಕು. ಬೀದಿಯೆಲ್ಲ ಗೇಟಿಗೆ ಬಂತು.

ಎದುರು ಮನೆ ರತ್ನಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಏನ್ ಜಯಮ್ಮಕ್ಕ, ಹಂದಿ ಜ್ವರಾನಾ?" ಎಂದಳು.

"ಬೂಷ್ಟು ಕಣೆ."

"ಬೂಷ್ಟಿಗೆ ಇಷ್ಟೊಂದ್ ಜನಾನಾ? ನಮ್ಮನೆ ಉಪ್ಪಿನಕಾಯಿಗೂ ಹಿಡ್ದಿದೆ. ಹೋಗ್ತಾ ಹಂಗೇ ನೋಡ್ಕೊಂಡು ಹೋಗೋಕೆ ಹೇಳು."

ಅವರಲ್ಲಿ ಹಿರಿಯಳು ಶಾಲಿನಿ ಮೇಡಂ. ಬಂದವಳೇ ನನ್ನ ಕೈಯಿಂದ ಪೊರಕೆ ಕಿತ್ತುಕೊಂಡಳು. "ಒಣಗಿದ್ದನ್ನ ಉಜ್ಜಬಾರದು ಅಜ್ಜಿ. ಪುಡಿ ಹಾರುತ್ತೆ. ನೀವು ಇಷ್ಟು ದಿನ ಗೋಡೆಯಿಂದ ತೆಗೆದು ಎದೆಯೊಳಗೆ ಇಟ್ಕೊಂಡಿದ್ದೀರಿ." ಇಷ್ಟು ಸರಿಯಾಗಿ ನನಗೆ ಡಾಕ್ಟರೂ ಹೇಳಿರಲಿಲ್ಲ.

ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿದರು. ಗಾಳಿ ಎಳೆದು ಸೋಸುವ ಮೆಷಿನ್ ಇಟ್ಟರು. ನನ್ನ ಹತ್ತಿ ಹಾಸಿಗೆ ಎಸೆಯಬೇಕು ಎಂದಾಗ ಜಗಳವಾಡಿದೆ, ಸೋತೆ. ಮೇಡಂ ಗೋಡೆಗೆ ಒಂದು ಚಿಕ್ಕ ಮೀಟರ್ ಒತ್ತಿ ಒತ್ತಿ ನೋಡಿದಳು. ಒದ್ದೆ ಎಲ್ಲಿದೆ ಎಂದು ಅದು ಹೇಳುತ್ತದೆ. ನಾನು ಪ್ಲಾಸ್ಟಿಕ್ಕಿನ ಆಚೆ ಕುರ್ಚಿ ಹಾಕಿಕೊಂಡು, "ಮೇಲಿಂದ ನೋಡಿ ಮೇಡಂ, ಮೇಲಿಂದ, ಬಚ್ಚಲದು" ಎನ್ನುತ್ತಲೇ ಇದ್ದೆ.

"ಮೇಲೆ ಎಲ್ಲಾ ಒಣಗಿದೆ ಅಜ್ಜಿ. ನೀರು ಈ ಫೋಟೊ ಹಿಂದಿಂದ ಬರ್ತಾ ಇದೆ."

ಫೋಟೊ ಇಳಿಸಿದರು. ಗಾಜಿನೊಳಗೆ ನಮ್ಮ ಯಜಮಾನರಿಗೆ ಹಸಿರು ಗಡ್ಡ ಬಂದಿತ್ತು. ಬದುಕಿರುವಷ್ಟು ದಿನ ಶೇವ್ ಮಾಡದೆ ತಿಂಡಿ ತಿಂದ ಮನುಷ್ಯನಲ್ಲ. ಮೇಡಂ ಮೊಳೆಯನ್ನು ಇಕ್ಕಳದಲ್ಲಿ ಹಿಡಿದು ಎಳೆದಳು.

ನೀರು ಚಿಮ್ಮಿತು.

ಅವಳ ಬಿಳಿ ಸೂಟಿನ ಎದೆಗೇ ಹೊಡೆಯಿತು. ಟ್ಯಾಂಕಿನಿಂದ ನನ್ನ ಬಚ್ಚಲಿಗೆ ಇಳಿಯುವ ಪೈಪು ಅದೇ ಗೋಡೆಯೊಳಗಿತ್ತು. ಮೊಳೆ ಅದಕ್ಕೇ ಹೋಗಿ ಕೂತಿತ್ತು. ಎರಡು ವರ್ಷದಿಂದ ಸಣ್ಣಗೆ ಜಿನುಗುತ್ತಿತ್ತು. ಮೊಳೆ ಹೊಡೆದವಳು ನಾನು. ವರ್ಷದ ಕಾರ್ಯ ಮುಗಿದ ಮಾರನೇ ದಿನ, ಯಾರನ್ನೂ ಕಾಯದೆ, ಕುಟ್ಟಾಣಿಯಿಂದ ಹೊಡೆದಿದ್ದೆ. ಪೈಪು ಎಲ್ಲಿ ಹೋಗಿದೆ ಎಂದು ಗೊತ್ತಿದ್ದವರು ಮನೆಯಲ್ಲಿ ಒಬ್ಬರೇ. ಅವರು ಫೋಟೊದಲ್ಲಿದ್ದರು.

ಶಿವಣ್ಣ ಓಡಿಹೋಗಿ ಟ್ಯಾಂಕಿನ ವಾಲ್ವ್ ಮುಚ್ಚಿದ. ಒದ್ದೆಯಾಗಿ ಬಂದು ನನ್ನನ್ನೇ ನೋಡಿದ. ನಾನು ಕೆಮ್ಮಿದೆ. ಆವತ್ತಿನದು ಮಾತ್ರ ಬೇಕೆಂದೇ ಕೆಮ್ಮಿದ್ದು.

ಪೈಪು ಬದಲಾಯಿಸಿದರು. ಗಾರೆ ಕೆತ್ತಿ ಇಟ್ಟಿಗೆ ಕಾಣುವವರೆಗೂ ಹೋದರು. ಮೂರು ದಿನ ಮೆಷಿನ್ ಹಚ್ಚಿ ಗೋಡೆ ಒಣಗಿಸಿದರು. ಮೀಟರ್ ಒಪ್ಪಿದ ಮೇಲೆಯೇ ಹೊಸ ಗಾರೆ. ಅಲ್ಲಿಯವರೆಗೆ ನಾನು ನಡುಮನೆಯಲ್ಲಿ ಮಲಗಿ ಯೋಚನೆ ಮಾಡಿದೆ. ರೋಗ ಬಂದರೆ ಮೊದಲು ಹುಡುಕುವುದು ಔಷಧಿಯನ್ನಲ್ಲ, ಯಾರಿಂದ ಬಂತು ಎಂದು. ಮೇಲಿನ ಮನೆಯವರು ಇದ್ದೇ ಇರುತ್ತಾರೆ, ಬೈಯುವುದು ಸುಲಭ, ಕತ್ತೆತ್ತಿ ಕೂಗಿದರಾಯಿತು.

ರೂಮಿಗೆ ವಾಪಸಾಗಿ ಎರಡು ತಿಂಗಳಾಯಿತು. ಇನ್‌ಹೇಲರ್ ಎರಡು ಹೊತ್ತಿನಿಂದ ಒಂದಕ್ಕೆ ಇಳಿದಿದೆ. ಕೆಮ್ಮು ಪೂರ್ತಿ ಹೋಗಿಲ್ಲ. ಈ ವಯಸ್ಸಿನ ಎದೆ, ಇಷ್ಟು ಸಾಕು. ಯಜಮಾನರ ಹೊಸ ಪ್ರಿಂಟು ಮೇಜಿನ ಮೇಲೆ ಒರಗಿದೆ. ಗೋಡೆಗೆ ಮೊಳೆಯಿಲ್ಲ.

ರೂಮಿಗೆ ಬಂದ ವಾರವೇ ತಿಂಗಳ ಕೊನೆ ಬಂದಿತ್ತು. ಮೇಲಿನಿಂದ ಪಾತ್ರೆ ಮೂಟೆ ಕಟ್ಟುವ ಸದ್ದು ಕೇಳಿಸಿತು. ಕೆಳಗಿನಿಂದಲೇ ಕೂಗಿ ಹೇಳಬಹುದಿತ್ತು. ಬೈದದ್ದನ್ನು ಕೂಗಬಹುದು, ಇದನ್ನು ಕೂಗಲಾಗುವುದಿಲ್ಲ. ಹತ್ತಿದೆ. ಆರನೇ ಮೆಟ್ಟಿಲಲ್ಲಿ ನಿಂತೆ, ಕೂರಲಿಲ್ಲ. ಹನ್ನೆರಡರಲ್ಲಿ ನಿಂತೆ. ಹದಿನೆಂಟು ಮುಗಿಸಿ ಅವಳ ಬಾಗಿಲು ಹಿಡಿದುಕೊಂಡಾಗ ಎದೆಯೊಳಗಿನ ಬೆಕ್ಕು ಜೋರಾಗಿ ಕೂಗುತ್ತಿತ್ತು.

ದ್ಯಾಮವ್ವ ಮೂಟೆ ಬಿಟ್ಟು ಎದ್ದು ಬಂದಳು. "ಯಾಕ್ ಹತ್ತಿದ್ರಿ ಅಮ್ಮಾರ? ಕುಂದರ್ರಿ ಮೊದ್ಲ."

"ಮೊಳೆ ನಂದೇ" ಎಂದೆ. ಏದುಸಿರು ಬಿಟ್ಟೆ. "ಮೂಟೆ ಬಿಚ್ಚು."

ಅವಳು ಮೂಟೆಯ ಗಂಟಿಗೆ ಕೈ ಹಾಕಿದಳು. ನಗಲಿಲ್ಲ, ಅದು ಅವಳ ದೊಡ್ಡತನ.

"ಒಂದ್ ಲೋಟ ನೀರು ಕೊಡು" ಎಂದೆ.

"ನೀವ್ ಬಿಟ್ರ ಕೊಡತೀನ್ರಿ" ಎಂದಳು.

ಮೆಲ್ಲಗೆ ಹದಿನೆಂಟೂ ಮೆಟ್ಟಿಲು ಇಳಿದು ಅವಳ ಮನೆಯ ನೀರಿನ ವಾಲ್ವ್ ತಿರುಗಿಸಿದೆ. ಆವತ್ತಿನಿಂದ ಅದನ್ನು ಮುಚ್ಚಿಲ್ಲ.