ಬೂದಿಯ ಹತ್ತು ದಿನ

ಒಂದು ಬೆಕ್ಕು ಸಾಯದೆ ಇರಲಿ ಎಂದು ಹತ್ತು ದಿನ ದೇವರಲ್ಲಿ ಬೇಡಿಕೊಂಡವಳು ನಾನು. ಪ್ರಾಣಿದಯೆ ಎಂದು ದಯವಿಟ್ಟು ತಿಳಿಯಬೇಡಿ, ಅಪ್ಪಟ ಸ್ವಾರ್ಥ. ಅದು ಸತ್ತರೆ ನಾನೂ ಸಾಯಬಹುದು ಎನ್ನುವ ಹೊತ್ತು ಬಂದಿತ್ತು. ಅಲ್ಲಿಯವರೆಗೆ ನಾನು ಕೈ ಮುಗಿಯುತ್ತಿದ್ದದ್ದು ಪ್ರಸಾದ ಹಂಚುವ ಹೊತ್ತಿಗೆ ಮಾತ್ರ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಮೂಢನಂಬಿಕೆಗಳ ಮೇಲೆ ವರ್ಷಕ್ಕೊಂದು ಭಾಷಣ ಬಿಗಿಯುವವಳು, ಅಷ್ಟಾದರೂ ಬಿಗುಮಾನ ಬೇಡವೇ?

ತೊಂಬತ್ತರ ದಶಕದ ಕೊನೆಯ ಮಾತು. ಪುಣೆಯ ಹಳೆಯ ಪೇಟೆಯಲ್ಲಿ, ಅಂಗಳದ ಸುತ್ತ ಹಲವು ಬಿಡಾರಗಳಿದ್ದ ಒಂದು ವಾಡೆಯಲ್ಲಿ, ಮೇಲಿನ ಮಜಲಿನ ಎರಡು ಕೋಣೆಗಳಲ್ಲಿ ನಾವು ಬಾಡಿಗೆಗಿದ್ದೆವು. ನಾನು, ತಳೇಗಾಂವದ ಕಾರ್ಖಾನೆಗೆ ಬೆಳಗಿನ ಲೋಕಲ್ ರೈಲು ಹಿಡಿಯುತ್ತಿದ್ದ ನಮ್ಮ ಯಜಮಾನರು, ಮತ್ತು ಅವರ ತಾಯಿ, ಅಂದರೆ ನಮ್ಮ ಅತ್ತೆ. ನಟ್ಟನಡು ಮಧ್ಯಾಹ್ನವೂ ಆ ಕೋಣೆಗಳೊಳಗೆ ಸಂಜೆಯ ಬೆಳಕೇ. ಪಕ್ಕದ ಕೋಣೆಗೆ ಎರಡು ವರ್ಷದಿಂದ ಬೀಗ ಬಿದ್ದಿತ್ತು. ಏಪ್ರಿಲಿನ ಒಂದು ದಿನ ಆ ಬೀಗದ ಹಿಂದಿನಿಂದ ಬೆಕ್ಕು ಕೂಗತೊಡಗಿತು.

ಮೂರು ದಿನ ಕೂಗಿತು. ವಾಡೆಯ ಮಾಲಕರು ಬೀಗದ ಕೈ ಹುಡುಕಿ ತಂದು ತೆಗೆದರು. ಬೂದಿಬಣ್ಣದ ಬೆಕ್ಕೊಂದು ಕೋಣೆಯ ನಡುವೆ ಕುಳಿತಿತ್ತು. ಕಿಟಕಿ ಇಲ್ಲ, ಗೋಡೆಯಲ್ಲಿ ಬಿಲವಿಲ್ಲ, ಮೇಲೆ ಹಲಗೆಯ ಮಾಳಿಗೆ. ನೆಲದ ತುಂಬ ಬೆರಳಷ್ಟು ಧೂಳು, ಆ ಧೂಳಿನಲ್ಲಿ ಒಂದು ಹೆಜ್ಜೆಯ ಗುರುತೂ ಇರಲಿಲ್ಲ. “ಹೀ ಕುಠೂನ್ ಆಲೀ?” ಎಂದರು ಮಾಲಕರು. ಇದು ಎಲ್ಲಿಂದ ಬಂತು ಎಂಬ ಆ ಪ್ರಶ್ನೆಗೆ ಉತ್ತರ ಹೇಳಬೇಕಾದವಳು ವಿಜ್ಞಾನದವಳಾದ ನಾನೇ. “ಎಲ್ಲೋ ಸಂದಿ ಇರಬೇಕು” ಎಂದೆ. ಬೆಕ್ಕು ನಮ್ಮಿಬ್ಬರನ್ನೂ ದಾಟಿ, ಬಾಡಿಗೆ ಮಾತಾಡಿಕೊಂಡು ಬಂದವರ ಹಾಗೆ ನೆಟ್ಟಗೆ ನಮ್ಮ ಮನೆಯೊಳಕ್ಕೆ ನಡೆಯಿತು.

ಎಲುಬು ಚರ್ಮ ಒಂದಾಗಿದ್ದ ಜೀವ. ಹಾಲನ್ನ ಹಾಕಿದೆ, ಉಳಿಯಿತು. ಅತ್ತೆಗೆ ಮಾತ್ರ ಸಮಾಧಾನವಿಲ್ಲ. “ಮುಚ್ಚಿದ ಮನಿಯೊಳಗಿಂದ ಬಂದದ್ದು ಒಳ್ಳೇದಲ್ಲ, ಸುಮಾ. ಹೊರಗ ಹಾಕಬ್ಯಾಡ, ಪಾಪ ಬರ್ತದ. ಆದ್ರ ಹೆಸರಿಡಬ್ಯಾಡ” ಎಂದರು. ಬೆಕ್ಕು ಕೊಂದರೆ ಬಂಗಾರದ ಬೆಕ್ಕು ಮಾಡಿಸಿ ಕಾಶಿಯಲ್ಲಿ ದಾನ ಕೊಡಬೇಕು ಎಂದು ನಮ್ಮ ಹಿರಿಯರು ವಿಧಿಸಿದ್ದಾರಷ್ಟೆ. ಬೆಕ್ಕೇ ಮನುಷ್ಯರನ್ನು ಕೊಂದರೆ ಅದು ಯಾರಿಗೆ ಏನು ದಾನ ಕೊಡಬೇಕು ಎಂಬ ಬಗ್ಗೆ ಅವರು ಮೌನವಾಗಿದ್ದಾರೆ. ಈ ಅನ್ಯಾಯ ನನಗೆ ಹೊಳೆದದ್ದು ಆಮೇಲೆ.

ತಿಂಗಳು ಕಳೆದು ಬೇಸಿಗೆ ರಜೆ ಬಂತು. ಸಾಕಿದ ಮೇಲೆ ಲಸಿಕೆ ಹಾಕಿಸಬೇಕಲ್ಲ. ಬುಟ್ಟಿಯಲ್ಲಿ ಕೂರಿಸಿ, ಬುಟ್ಟಿಯ ಬಾಯಿಗೆ ಹಳೆಯ ಸೀರೆ ಕಟ್ಟಿ, ರಿಕ್ಷಾದಲ್ಲಿ ಕ್ಯಾಂಪ್ ಬಡಾವಣೆಯ ಪಶುವೈದ್ಯರಲ್ಲಿಗೆ ಒಯ್ದೆ. ವಯಸ್ಸಾದ, ನಿಧಾನದ ಮನುಷ್ಯ. ಚೀಟಿಯಲ್ಲಿ ಬರೆಯಲು ಹೆಸರು ಕೇಳಿದರು. ಅತ್ತೆಯ ಮಾತು ಮೀರುವ ಹುಮ್ಮಸ್ಸಿನಲ್ಲಿ “ಬೂದಿ” ಎಂದುಬಿಟ್ಟೆ. ಅವರು ಸೂಜಿ ಎತ್ತಿದರು. ಬೆಕ್ಕು ಸೂಜಿಯ ಕಡೆ ನೋಡಲೇ ಇಲ್ಲ. ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಅವಸರವಿಲ್ಲದೆ, ನನ್ನ ಹೆಬ್ಬೆರಳಿನ ಬುಡಕ್ಕೆ ಹಲ್ಲು ಇಳಿಸಿತು.

ಡಾಕ್ಟರು ಸೂಜಿಯನ್ನು ಹಾಗೇ ಕೆಳಗಿಟ್ಟರು. “ಆತಾ ನಾಹೀ” ಎಂದರು. ಈಗ ಬೇಡವಂತೆ. ಕಚ್ಚಿದ ಪ್ರಾಣಿಗೆ ಕೂಡಲೇ ಲಸಿಕೆ ಹಾಕುವುದಿಲ್ಲವಂತೆ, ಹತ್ತು ದಿನ ಕಣ್ಣಿಟ್ಟು ಕಾಯುತ್ತಾರಂತೆ. ಕಚ್ಚುವಾಗ ಅದರೊಳಗೆ ಹುಚ್ಚುನಾಯಿ ರೋಗದ ವಿಷ ಇದ್ದಿದ್ದರೆ ಅಷ್ಟರಲ್ಲಿ ಲಕ್ಷಣ ತೋರಿ ಸಾಯುತ್ತದೆ. ಹತ್ತನೆಯ ದಿನವೂ ಗಟ್ಟಿಯಾಗಿದ್ದರೆ ಭಯವಿಲ್ಲ. “ನೀವು ಮಾತ್ರ ಗಾಯ ಸಾಬೂನಿನಿಂದ ತೊಳೆದು ಈಗಲೇ ಹೋಗಿ ಚುಚ್ಚಿಸಿಕೊಳ್ಳಿ” ಎಂದರು. ಹೀಗೆ ಬೆಕ್ಕಿಗೆ ಲಸಿಕೆ ಹಾಕಿಸಲು ಹೋದವಳು ನಾನು ಹಾಕಿಸಿಕೊಂಡು ಬಂದೆ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂದು ಸಂಜೆ ಸುದ್ದಿ ಕೇಳಿದ ನಮ್ಮ ಯಜಮಾನರು ಬೆವರಿದರು. ಪುಣ್ಯಕ್ಕೆ ತೋಳಿಗೆ ಹಾಕುವ ಹೊಸ ಬಗೆಯದು ಸಿಕ್ಕಿತ್ತು. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಎನ್ನುವ ಗಾದೆಯಲ್ಲಿ ಇಲಿಯ ಪಾಲು ನನ್ನದಾಯಿತು.

ಮನೆಗೆ ಬಂದು ಹೇಳಿದರೆ ಅತ್ತೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದರು. “ಹತ್ತ ದಿನಾ? ಸತ್ತವರ ಜೀವ ಮನಿ ಸುತ್ತ ಇರೋದೂ ಅಷ್ಟಽ ದಿನ” ಎಂದು ಮತ್ತೆ ತಟ್ಟತೊಡಗಿದರು. ನಾನು ನಕ್ಕೆ. ನಕ್ಕ ದನಿ ನನಗೇ ಸರಿ ಕೇಳಿಸಲಿಲ್ಲ.

ಡಾಕ್ಟರು ನೋಡಬೇಕಾದ ಲಕ್ಷಣ ಹೇಳಿದ್ದರು. ಕತ್ತಲ ಮೂಲೆ ಹುಡುಕುವುದು, ಬೆಳಕು ಸೇರದಿರುವುದು, ದನಿ ಒಡೆಯುವುದು, ನೀರು ನುಂಗದಿರುವುದು. ಕತ್ತಲ ಮೂಲೆ ಹುಡುಕದ ಬೆಕ್ಕನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ದಿನವಿಡೀ ಅದರ ಎದುರು ಕುಳಿತೆ. ಅದೂ ನನ್ನ ಎದುರು ಕುಳಿತಿತ್ತು. ರೆಪ್ಪೆ ಬಡಿಯದೆ ನನ್ನ ಬಾಯನ್ನೇ, ಗಂಟಲನ್ನೇ ನೋಡುತ್ತಿತ್ತು. ಹತ್ತು ದಿನ ಕಾಯಲು ಅದಕ್ಕೂ ಯಾರೋ ಹೇಳಿದ್ದಾರೆ ಅನ್ನಿಸುತ್ತಿತ್ತು. ಎದ್ದು ಒಂದು ಲೋಟ ನೀರು ಕುಡಿದು, ಗಂಟಲಲ್ಲಿ ಇಳಿಯಿತೋ ಇಲ್ಲವೋ ನೋಡಿಕೊಳ್ಳುತ್ತಿದ್ದೆ. ಮತ್ತೆ ಅರ್ಧ ಗಂಟೆಗೆ ಇನ್ನೊಂದು ಲೋಟ. ಇಷ್ಟು ನೀರು ನಾನು ಜನ್ಮದಲ್ಲಿ ಕುಡಿದಿರಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಬೂದಿ ಕಾಣೆಯಾಯಿತು. ಬಾಗಿಲು ಹಾಕಿಯೇ ಇತ್ತು. ಅಕ್ಕಿ ಡಬ್ಬಿಯ ಹಿಂದೆ, ಗಾದಿಗಳ ಕೆಳಗೆ ಹುಡುಕಿದೆ. ಅದು ಕಳೆದುಹೋದರೆ ಬದುಕಿತೋ ಸತ್ತಿತೋ ಎಂಬ ಉತ್ತರವೇ ನನಗೆ ಸಿಗುವಂತಿರಲಿಲ್ಲ. ಅತ್ತೆ ಗೋಡೆಗೆ ಕಿವಿ ಹಚ್ಚಿ ನಿಂತರು. “ಒಳಗ ಅದ” ಎಂದರು. ಮಾಲಕರಿಂದ ಬೀಗದ ಕೈ ತಂದು ಪಕ್ಕದ ಕೋಣೆ ತೆಗೆದೆ. ನಡುವೆ, ಮೊದಲಿದ್ದ ಜಾಗದಲ್ಲೇ, ಬಾಗಿಲಿಗೆ ಮುಖ ಮಾಡಿ ಕುಳಿತಿತ್ತು. ನಾನು ಬರುವ ಹೊತ್ತು ತಿಳಿದೇ ಕುಳಿತಂತಿತ್ತು. ನಾಲ್ಕೂ ಗೋಡೆ ತಡವಿ ನೋಡಿದೆ. ಅಂಗೈಗೆ ಸುಣ್ಣ ಹತ್ತಿತೇ ಹೊರತು ಒಂದು ಸಂದಿ ಸಿಗಲಿಲ್ಲ. ಆ ವರ್ಷದ ಮೂಢನಂಬಿಕೆಯ ಭಾಷಣವನ್ನು ನಾನು ಸಹೋದ್ಯೋಗಿಯೊಬ್ಬರಿಗೆ ವಹಿಸಿಕೊಟ್ಟೆ.

ಆಮೇಲಿನದೇ ನಿಜವಾಗಿ ಹೆದರಿಸಿದ್ದು.

ಏಳನೆಯ ದಿನ. ಬೂದಿ ಬಟ್ಟಲಿನ ನೀರನ್ನು ಲೊಚಲೊಚ ನೆಕ್ಕುತ್ತಿತ್ತು. ಬಟ್ಟಲಿನ ಪಕ್ಕದಲ್ಲಿ ಅತ್ತೆಯ ಹಿತ್ತಾಳೆ ಲೋಟವಿತ್ತು. ಬೆಳಿಗ್ಗೆ ತುಂಬಿಟ್ಟದ್ದು ಹಾಗೇ ಇತ್ತು. ಹಿಂದಿನ ದಿನವೂ ಹಾಗೇ ಇದ್ದದ್ದು ನೆನಪಾಯಿತು. ಏಳು ದಿನದಿಂದ ನೀರಿನ ಮಟ್ಟ ನೋಡಿ ನೋಡಿ ಕಣ್ಣಿಗೆ ಅದೇ ಚಟ ಹತ್ತಿತ್ತು. ತಲೆ ಎತ್ತಿದರೆ ಅತ್ತೆ ಮೂಲೆಯಲ್ಲಿ ಕಣ್ಣಿನವರೆಗೂ ಸೆರಗು ಎಳೆದುಕೊಂಡು ಕುಳಿತಿದ್ದರು. ದೀಪ ಹಾಕಲು ಎದ್ದೆ. “ಬೆಳಕ ಬ್ಯಾಡ” ಎಂದರು. ದನಿ ಒಡೆದಿತ್ತು. ಮುಂಗೈ ಮೇಲೆ ಅರಿಶಿನ ಮೆತ್ತಿದ ಒಂದು ಗಾಯವಿತ್ತು.

ಡಾಕ್ಟರು ಹೇಳಿದ ಲಕ್ಷಣಗಳೆಲ್ಲ ಅತ್ತೆಯಲ್ಲಿದ್ದವು. ತಿಂಗಳ ಹಿಂದೆ ಅವರನ್ನು ಕಚ್ಚಿದ್ದರೆ ಬೆಕ್ಕು ಇಷ್ಟು ದಿನ ಬದುಕಿರುತ್ತಿರಲಿಲ್ಲ ಎಂದು ಪುಸ್ತಕ ಹೇಳುತ್ತದೆ, ನಾನೂ ಬಲ್ಲೆ. ಆದರೆ ಗೋಡೆ ದಾಟುವ ಬೆಕ್ಕಿಗೆ ಪುಸ್ತಕದ ಲೆಕ್ಕ ಏನು ಹತ್ತೀತು? ಲೋಟ ಎತ್ತಿ ಅವರ ಬಾಯಿಯ ಹತ್ತಿರ ಹಿಡಿದೆ. ಅವರು ಮುಖ ತಿರುವಿದರು.

“ಅತ್ತೀ, ಖರೇ ಹೇಳ್ರಿ. ಇದು ನಿಮ್ಮನ್ನೂ ಕಚ್ಚೇದೇನ್ರಿ?”

“ನನಗ್ಯಾಕ ಕಚ್ಚತದ? ನಾ ಏನ್ ಅದನ್ನ ಸೂಜಿ ಹತ್ರ ಒಯ್ದೀನೇನು?”

“ಮತ್ತ ಕೈಗೆ ಏನಾಗೇದ?”

“ರೊಟ್ಟಿ ಹಂಚು ತಾಕೇದ.”

“ಹಂಗಾರ ಈ ನೀರು ಕುಡೀರಿ. ಪೂರ್ತಿ.”

ಅವರು ಲೋಟ ನೋಡಿದರು. ಬಾಗಿಲ ಕಡೆ ನೋಡಿದರು. “ಒಲ್ಲೆ” ಎಂದರು. ನನಗೆ ತಡೆಯಲಾಗಲಿಲ್ಲ. ಲೋಟ ಹಿಡಿದುಕೊಂಡೇ ಅತ್ತುಬಿಟ್ಟೆ.

ಅತ್ತೆ ಗಾಬರಿಯಾದರು. “ಹುಚ್ಚಿ, ಅಳತಾರೇನ? ನೀರು ಕುಡದ್ರ ಕೆಳಗ ಇಳೀಬೇಕಲ್ಲ. ಮಣಕಾಲು ಬಗ್ಗಂಗಿಲ್ಲ. ಮುಂಜಾನೆ ಒಮ್ಮೆ, ಸಂಜಿಕ ಒಮ್ಮೆ ಇಳೀತೀನಿ. ಅಷ್ಟಕ್ಕ ಹೊಂದಸ್ಕೊಂಡು ಗಂಟಲಾ ತೊಯ್ಸಕೋತೀನಿ. ಈ ಬ್ಯಾಸಗಿಗೆ ಭಾಳ ತಲಿ ಸಿಡೀತದ, ಕಣ್ಣು ಉರೀತಾವ, ಅಷ್ಟ.”

ನಮ್ಮ ವಾಡೆಗೆ ಇದ್ದ ಪಾಯಖಾನೆಗಳೆಲ್ಲ ಕೆಳಗೆ, ಅಂಗಳದ ಆಚೆ ತುದಿಯಲ್ಲಿ. ಇಳಿಯಲು ಹದಿನೇಳು ಮರದ ಮೆಟ್ಟಿಲು, ನೆಟ್ಟಗೆ ನಿಲ್ಲಿಸಿದ ಏಣಿಯಂಥವು, ಹಿಡಿಯಲು ಒಂದು ಹಗ್ಗ. ನಾನು ದಿನಕ್ಕೆ ಹತ್ತು ಸಲ ಅದರಲ್ಲಿ ಓಡಾಡುತ್ತಿದ್ದೆ.

“ಯಾವಾಗಿಂದ ಹಿಂಗ ಮಾಡ್ಲಿಕತ್ತೀರಿ?”

“ಆವತ್ತ ಒಮ್ಮೆ ಜಾರಿ ಬಿದ್ದಿದ್ನಲ್ಲ, ನಿನ್ನ ಲಗ್ನದ ವರ್ಷ. ಅಂದಿನಿಂದ.”

ಒಂಬತ್ತು ವರ್ಷ. “ನನಗ ಹೇಳಬಾರದೇನ್ರಿ?”

“ನೀ ಕೇಳಿದ್ದಿಲ್ಲಲಾ” ಎಂದರು. ಅದರಲ್ಲಿ ಆಕ್ಷೇಪಣೆ ಏನೂ ಇರಲಿಲ್ಲ. ಅದೇ ನನಗೆ ಹೆಚ್ಚು ನೋಯಿತು. ಏಳು ದಿನದಲ್ಲಿ ಒಂದು ಬೆಕ್ಕಿನ ನಾಲಗೆ, ಹಸಿವು, ಉಚ್ಚೆ ಎಲ್ಲವನ್ನೂ ಬಲ್ಲವಳಾಗಿದ್ದೆ. ಒಂಬತ್ತು ವರ್ಷ ಒಂದೇ ಸೂರಿನಡಿ ಬಾಯಾರಿ ಕುಳಿತವರು ನನಗೆ ಕಂಡಿರಲಿಲ್ಲ. ದೆವ್ವ ಭೂತ ಎಂದರೆ ಕಣ್ಣೆದುರಿಗಿದ್ದೂ ಕಾಣದವರು ತಾನೇ? ಹಾಗಾದರೆ ನಮ್ಮ ಮನೆಯಲ್ಲಿ ಒಂದನ್ನು ನಾವೇ ಮಾಡಿಟ್ಟುಕೊಂಡಿದ್ದೆವು.

ಹತ್ತನೆಯ ದಿನ ಬೂದಿಯನ್ನು ಮತ್ತೆ ಕ್ಯಾಂಪಿಗೆ ಒಯ್ದೆ. ಡಾಕ್ಟರು ಕಣ್ಣು, ಬಾಯಿ, ಕಾಲು ನೋಡಿ ತಲೆಯಾಡಿಸಿದರು. ಈ ಸಲ ಸೂಜಿ ಚುಚ್ಚಿದಾಗ ಅದು ಕಮಕ್ ಕಿಮಕ್ ಎನ್ನಲಿಲ್ಲ. ನನ್ನ ಉಳಿದ ಸೂಜಿಗಳನ್ನೂ ನನಗೆ ಚುಚ್ಚುತ್ತಿದ್ದ ಡಾಕ್ಟರು ಆಮೇಲೆ ನಿಲ್ಲಿಸಿದರು. “ಈ ಹತ್ತು ದಿನದಲ್ಲಿ ಏನಾದರೂ ವಿಚಿತ್ರ ಕಂಡಿತೇ?” ಎಂದು ಪಶುವೈದ್ಯರು ಚೀಟಿಯಲ್ಲಿ ಬರೆಯುವ ಸಲುವಾಗಿ ಕೇಳಿದರು. ಬೀಗ ಹಾಕಿದ ಕೋಣೆಯ ಸಂಗತಿ ಹೇಳಲು ಬಾಯಿ ತೆರೆದೆ. ಈ ಹೊತ್ತಿಗೂ ಅದರ ಗುಟ್ಟು ನನಗೆ ತಿಳಿದಿಲ್ಲ. ಆದರೆ ಆಗ ಅದು ಅಂಥ ವಿಚಿತ್ರವಾಗಿ ತೋರಲಿಲ್ಲ. “ಬೆಕ್ಕಿನಲ್ಲಿ ಏನೂ ಕಾಣಲಿಲ್ಲ” ಎಂದೆ.

ಮನೆಗೆ ಬಂದಾಗ ಅತ್ತೆ ಮೆಟ್ಟಿಲ ಮೇಲ್ತುದಿಯಲ್ಲಿ ಹಗ್ಗ ಹಿಡಿದು ನಿಂತಿದ್ದರು. “ಬೇಕಂತನಽ ಒಂದು ಲೋಟ ಪೂರ್ತಿ ಕುಡದೀನಿ. ನಡಿ” ಎಂದು ನನ್ನ ಹೆಗಲ ಮೇಲೆ ಕೈ ಇಟ್ಟರು. ಭಾರವಾದ ಕೈ. ನಾನು ಒಂದು ಮೆಟ್ಟಿಲು ಮುಂದೆ, ಅವರು ಒಂದು ಮೆಟ್ಟಿಲು ಹಿಂದೆ, ಇಳಿಯತೊಡಗಿದೆವು. ಅರ್ಧಕ್ಕೆ ಬಂದಾಗ ನಿಂತರು. ಮಣಕಾಲು ನೋಯುತ್ತಿರಬೇಕು ಎಂದುಕೊಂಡು ತಿರುಗಿ ನೋಡಿದೆ. ಅವರು ಏನೋ ಯೋಚಿಸುತ್ತಿದ್ದರು.

“ಇನ್ನೊಂದು ಅರ್ಧಾ ಲೋಟ ಕುಡೀಬಹುದಿತ್ತು ನೋಡು” ಎಂದರು.